ಕನ್ನಡ ಕೂಟದ ಪಿಕ್ನಿಕ್ಕಿಗೆ ಹಳೇ ಕಾಲದ ಕಂಟ್ರಿ ಬ್ಯಾಂಡ್ ಕರೆಸೋದು ಹೇಗೆ: ಅಜ್ಜಿಯಿಂದ ಮೊಮ್ಮಗುವರೆಗೂ ಕೂತು ಕೇಳೋ ಹಾಗೆ

ಕೆರೊಲೈನಾ, ವರ್ಜೀನಿಯಾ, ಟೆನೆಸ್ಸೀ ಕಡೆ ಇರೋ ಕನ್ನಡದವರಿಗೆ ಇದು ಜಾಸ್ತಿ ಉಪಯೋಗಕ್ಕೆ ಬರತ್ತೆ, ಅಮೆರಿಕದಲ್ಲಿ ಬೇರೆ ಕಡೆ ಇದ್ರೂ ಮುಕ್ಕಾಲು ಪಾಲು ಅನ್ವಯಿಸತ್ತೆ. ಕೂಟದ ಬೇಸಿಗೆ ಪಿಕ್ನಿಕ್ಕೋ, ಅಪ್ಪನ ಅರವತ್ತರ ಶಾಂತಿನೋ, ಮಗುದು ಮೊದಲ ಹುಟ್ಟುಹಬ್ಬನೋ ಬಂತು ಅಂದ್ರೆ ನಾವು ಡಿಜೆ ಬುಕ್ ಮಾಡಿ ಸುಮ್ಮನಾಗ್ತೀವಿ, ಊರಿಂದ ಬಂದಿರೋ ಹಿರಿಯರು ಆ ಸ್ಪೀಕರ್ ಸದ್ದಿಗೆ ದೂರದ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ, ಮಕ್ಕಳು ಫೋನ್ ನೋಡ್ತಿರ್ತಾರೆ. ನಾವಿರೋ ಜಾಗದಿಂದ ಎರಡು ಮೂರು ಗಂಟೆ ದೂರದಲ್ಲಿ ಕಂಟ್ರಿ ಮ್ಯೂಸಿಕ್, ಅಂದ್ರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಹುಟ್ಟಿದ ಅಪಲಾಚಿಯನ್ ಬೆಟ್ಟಗಳೇ ಇವೆ, ಅಲ್ಲಿ ಇವತ್ತಿಗೂ ಅಪ್ಪ ಮಗಳು, ಗಂಡ ಹೆಂಡತಿ, ಅಣ್ಣ ತಮ್ಮ ಸೇರ್ಕೊಂಡು ನುಡಿಸೋ ಬ್ಯಾಂಡ್‌ಗಳು ಬೇಕಾದಷ್ಟಿವೆ, ಕರೆದ್ರೆ ಬರ್ತಾರೆ. ಅವರನ್ನ ಹೇಗೆ ಹುಡುಕೋದು, ಏನು ಕೇಳೋದು, ಆ ದಿನ ಏನೇನು ರೆಡಿ ಇಟ್ಕೋಬೇಕು ಅನ್ನೋದನ್ನ ನನಗೆ ಗೊತ್ತಿರೋ ಮಟ್ಟಿಗೆ ಬರೀತಿದ್ದೀನಿ.

ಮೊದಲೇ ಒಂದು ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ, ಉಳಿದಿದ್ದೆಲ್ಲಾ ಇದರ ಮೇಲೇನೇ ನಿಂತಿದೆ. ಈ ಸಂಗೀತ ಎದುರಿಗೆ ಕೂತವರ ಮುಖ ನೋಡ್ಕೊಂಡು ಕಥೆ ಹೇಳೋ ಸಂಗೀತ. ಮನೆ ಜಗಲಿ, ಚರ್ಚು, ಸ್ಕೂಲ್ ಕಟ್ಟಡ, ಇಂಥ ಜಾಗದಲ್ಲಿ ಬೆಳೆದಿದ್ದು. ಹಾಗಾಗಿ ಆರ್ಗನೈಸ್ ಮಾಡೋರ ಕೆಲಸ ಅಂದ್ರೆ ಹಾಡೋರಿಗೂ ಕೇಳೋರಿಗೂ ಮಧ್ಯ ಇರೋ ದೂರ ಕಮ್ಮಿ ಮಾಡೋದು, ಜಾಗದ ದೂರ, ಸದ್ದಿನ ದೂರ, ಭಾಷೆಯ ದೂರ ಮೂರೂನು.

ಯಾವ ಥರದ ಬ್ಯಾಂಡು

ಕಂಟ್ರಿ ಬ್ಯಾಂಡ್ ಅಂತ ಹುಡುಕಿದ್ರೆ ಏನೇನೋ ಬರತ್ತೆ, ಡ್ರಮ್ಸ್ ಬಡಿಯೋ ಪಾರ್ಟಿ ಬ್ಯಾಂಡೂ ಅದೇ ಹೆಸರಲ್ಲಿರತ್ತೆ. ಹಳೇ ಕಾಲದ್ದು ಬೇಕು ಅಂದ್ರೆ ಅದರಲ್ಲೂ ಬಗೆಗಳಿವೆ. ಓಲ್ಡ್ ಟೈಮ್ ಅನ್ನೋದು ಫಿಡಲ್ (ನಮ್ಮ ವಯಲಿನ್ನೇ) ಮತ್ತೆ ಬ್ಯಾಂಜೋ (ಚರ್ಮ ಬಿಗಿದ ತಂತಿವಾದ್ಯ) ಮುಖ್ಯವಾಗಿರೋದು, ಎಲ್ಲರೂ ಒಟ್ಟಿಗೆ ಒಂದೇ ಟ್ಯೂನ್ ಸುತ್ತಿ ಸುತ್ತಿ ನುಡಿಸ್ತಾರೆ, ಕುಣಿಯೋಕೆ ಹೇಳಿ ಮಾಡಿಸಿದ್ದು. ಬ್ಲೂಗ್ರಾಸ್ ಅನ್ನೋದು ಕೆಂಟಕಿಯ ಬಿಲ್ ಮನ್ರೋ ಕಟ್ಟಿದ ಶೈಲಿ, 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಅನ್ನೋರು ಮನ್ರೋ ಬ್ಯಾಂಡಿಗೆ ಸೇರಿ ಮೂರು ಬೆರಳಲ್ಲಿ ಬ್ಯಾಂಜೋ ನುಡಿಸೋಕೆ ಶುರು ಮಾಡಿದ ಮೇಲೆ ಅದಕ್ಕೆ ಈಗಿನ ರೂಪ ಬಂತು, ವೇಗ ಜಾಸ್ತಿ, ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಕೈಚಳಕ ತೋರಿಸ್ತಾರೆ. ಈ ಸ್ಕ್ರಗ್ಸ್ ನಾರ್ತ್ ಕೆರೊಲೈನಾದವರೇ, ಶಾರ್ಲೆಟ್ ಹತ್ತಿರದ ಶೆಲ್ಬಿ ಊರಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ಇನ್ನೊಂದು ಕಾರ್ಟರ್ ಫ್ಯಾಮಿಲಿ ಅನ್ನೋ ಹಳೇ ಮನೆಮಂದಿ ತಂಡದ ಥರದ ಹಾಡುಗಾರಿಕೆ, ಗಿಟಾರ್, ಆಟೋಹಾರ್ಪ್ ಅನ್ನೋ ತಂತಿವಾದ್ಯ, ಎರಡು ಮೂರು ದನಿ ಸೇರಿಸಿ ಹಾಡೋದು. ಹಾಂಕಿ ಟಾಂಕ್ ಅಂದ್ರೆ ಎಲೆಕ್ಟ್ರಿಕ್ ಗಿಟಾರ್, ಸ್ಟೀಲ್ ಗಿಟಾರ್ ಇರೋದು, ಗಾಯಕ ಹ್ಯಾಂಕ್ ವಿಲಿಯಮ್ಸ್ ಕಾಲದ್ದು, ನನಗೆ ಅದು ಪ್ರಾಣ, ಆದ್ರೆ ಬಾರ್‌ಗಳಲ್ಲಿ ಬೆಳೆದ ಸಂಗೀತ ಆದ್ದರಿಂದ ಕುಡಿತ, ಮೋಸ, ಮುರಿದ ಮದುವೆ ಇವೇ ವಸ್ತು. ಟೆಕ್ಸಸ್ ಕಡೆ ಇರೋರಿಗೆ ವೆಸ್ಟರ್ನ್ ಸ್ವಿಂಗ್ ಬ್ಯಾಂಡ್ ಸುಲಭವಾಗಿ ಸಿಗತ್ತೆ, ಅದೂ ಕುಣಿತದ್ದೇ.

ಹಿರಿಯರು, ಮಕ್ಕಳು ಸೇರಿರೋ ಕಡೆಗೆ ನನ್ನ ಆಯ್ಕೆ ಕಾರ್ಟರ್ ಶೈಲಿ ಅಥವಾ ಓಲ್ಡ್ ಟೈಮ್, ಹರೆಯದ ಹುಡುಗರು ಜಾಸ್ತಿ ಇದ್ರೆ ಬ್ಲೂಗ್ರಾಸ್. ನಾಲ್ಕು ಜನರ ಬ್ಯಾಂಡ್ ಸಾಕು, ಫಿಡಲ್, ಬ್ಯಾಂಜೋ, ಗಿಟಾರ್, ನಿಂತು ನುಡಿಸೋ ದೊಡ್ಡ ಬೇಸ್. ಮ್ಯಾಂಡೊಲಿನ್ ಇದ್ರೆ ಇನ್ನೂ ಚೆಂದ.

ಮನೆಮಂದಿಗೆಲ್ಲಾ ಸಲ್ಲೋ ಹಾಗಿರೋದು ಈ ಸಂಗೀತಕ್ಕೆ ಯಾರೋ ಆಮೇಲೆ ಅಂಟಿಸಿದ ಲೇಬಲ್ ಅಲ್ಲ. 1927ರ ಜುಲೈ ಕೊನೆ, ಆಗಸ್ಟ್ ಮೊದಲ ವಾರ ವಿಕ್ಟರ್ ಅನ್ನೋ ರೆಕಾರ್ಡ್ ಕಂಪನಿಯ ರಾಲ್ಫ್ ಪೀರ್ ಟೆನೆಸ್ಸೀ ವರ್ಜೀನಿಯಾ ಗಡಿ ಮೇಲಿರೋ ಬ್ರಿಸ್ಟಲ್ ಊರಿಗೆ ರೆಕಾರ್ಡಿಂಗ್ ಸಾಮಾನು ತಗೊಂಡು ಬಂದ್ರು, ಅಲ್ಲೇ ಕಾರ್ಟರ್ ಫ್ಯಾಮಿಲಿ ಮತ್ತೆ ಗಾಯಕ ಜಿಮ್ಮಿ ರಾಜರ್ಸ್ ಮೊದಲ ಸಲ ರೆಕಾರ್ಡ್ ಆಗಿದ್ದು. ಕಾರ್ಟರ್ ಫ್ಯಾಮಿಲಿ ಅಂದ್ರೆ ಎ.ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ಸಾರಾಗೆ ಚಿಕ್ಕಮ್ಮನ ಅಥವಾ ದೊಡ್ಡಮ್ಮನ ಮಗಳು ಆಗ್ಬೇಕಾದ ಮೇಬೆಲ್. ಸಾರಾ ಕೈಗೂಸು ಎತ್ಕೊಂಡೇ ಬಂದಿದ್ರು, ಮೇಬೆಲ್‌ಗೆ ಆಗ 18 ವರ್ಷ, ಗರ್ಭಿಣಿ. ಆಮೇಲೆ ಊರೂರಲ್ಲಿ ಅವರ ಕಾರ್ಯಕ್ರಮದ ಪೋಸ್ಟರಲ್ಲಿ ಈ ಕಾರ್ಯಕ್ರಮ ನೈತಿಕವಾಗಿ ಒಳ್ಳೇದು ಅಂತಾನೇ ಪ್ರಿಂಟ್ ಹಾಕಿಸ್ತಿದ್ರು, ಮನೆಯವರನ್ನೆಲ್ಲಾ ಕರ್ಕೊಂಡು ಬನ್ನಿ, ತಲೆ ತಗ್ಗಿಸೋ ಅಂಥದ್ದು ಏನೂ ಇರಲ್ಲ ಅನ್ನೋ ಭರವಸೆ ಅದು. ಮನೆಮಂದಿಗೆ ಸಲ್ಲೋ ಬ್ಯಾಂಡ್ ಬೇಕು ಅಂದಾಗ ನೀವು ಹೊಸ ಬೇಡಿಕೆ ಏನೂ ಇಡ್ತಿಲ್ಲ.

ಬುಕ್ ಮಾಡೋ ಮೊದಲು ಹೋಗಿ ಕೇಳಿ

ಯೂಟ್ಯೂಬ್ ನೋಡಿ ಬ್ಯಾಂಡ್ ಆರಿಸ್ಬೇಡಿ. ವಿಡಿಯೋದಲ್ಲಿ ಎಲ್ಲರೂ ಚೆನ್ನಾಗೇ ಕಾಣಿಸ್ತಾರೆ, ಅವರು ಮಕ್ಕಳ ಜೊತೆ ಹೇಗೆ ಮಾತಾಡ್ತಾರೆ, ಹಾಡುಗಳ ಮಧ್ಯ ಏನು ಹೇಳ್ತಾರೆ ಅನ್ನೋದು ಎದುರಿಗೆ ಕೂತಾಗ್ಲೇ ಗೊತ್ತಾಗೋದು. ಹಿರಿಯರನ್ನೂ ಕರ್ಕೊಂಡು ಹೋಗ್ಬಿಡಿ, ಅದೇ ಒಂದು ಟ್ರಿಪ್ ಆಗತ್ತೆ.

ನಾರ್ತ್ ಕೆರೊಲೈನಾದವರಿಗೆ ಎಲ್ಲಕ್ಕಿಂತ ಸುಲಭ ಮೌಂಟ್ ಏರಿ ಅನ್ನೋ ಊರು. ಅಲ್ಲಿ ಡಬ್ಲ್ಯುಪಿಎಕ್ಯೂ ಅನ್ನೋ ರೇಡಿಯೋ ಸ್ಟೇಷನ್ 1948ರಿಂದ ಇದೆ, ಶನಿವಾರ ಹಗಲಲ್ಲಿ ಅರ್ಲ್ ಥಿಯೇಟರಿಂದ ಮೆರ್ರಿ ಗೋ ರೌಂಡ್ ಅನ್ನೋ ಲೈವ್ ಪ್ರೋಗ್ರಾಂ ಹಾಕ್ತಾರೆ, ಸುತ್ತಮುತ್ತಲ ಬ್ಯಾಂಡ್‌ಗಳೇ ಬಂದು ನುಡಿಸೋದು. ಹಗಲು ಹೊತ್ತು ಆದ್ದರಿಂದ ಮಕ್ಕಳ ನಿದ್ದೆ ಸಮಸ್ಯೆ ಇಲ್ಲ, ನೀವು ಕರೆಸೋಕಾಗೋ ಮಟ್ಟದ ಲೋಕಲ್ ಬ್ಯಾಂಡ್‌ಗಳೇ ಅಲ್ಲಿ ಸಿಗೋದು, ಪ್ರೋಗ್ರಾಂ ಮುಗಿದ ಮೇಲೆ ಹೋಗಿ ಮಾತಾಡಿಸಿದ್ರೆ ಖುಷಿಯಿಂದ ಮಾತಾಡ್ತಾರೆ.

ವರ್ಜೀನಿಯಾದ ಫ್ಲಾಯ್ಡ್ ಊರಲ್ಲಿ ಫ್ಲಾಯ್ಡ್ ಕಂಟ್ರಿ ಸ್ಟೋರ್ ಇದೆ, ಶುಕ್ರವಾರ ಸಂಜೆ ಅಂಗಡಿ ಒಳಗೇ ಜಂಬೋರಿ ಅನ್ನೋ ಸಂಗೀತದ ಕೂಟ, ಮೊದಲು ಗಾಸ್ಪೆಲ್ ಹಾಡು (ಕ್ರಿಶ್ಚಿಯನ್ ಭಕ್ತಿಗೀತೆ), ಆಮೇಲೆ ಡ್ಯಾನ್ಸ್ ಬ್ಯಾಂಡ್. ಚಿಕ್ಕ ಮಕ್ಕಳಿಂದ ಹಿಡಿದು ತೀರಾ ವಯಸ್ಸಾದವರವರೆಗೂ ಶೂ ಕೆಳಗೆ ಲೋಹದ ಬಿಲ್ಲೆ ಹಾಕ್ಕೊಂಡು ನೆಲಕ್ಕೆ ಟಕಟಕ ಅಂತ ಹೆಜ್ಜೆ ಹಾಕ್ತಿರ್ತಾರೆ, ಅದನ್ನ ಫ್ಲ್ಯಾಟ್‌ಫುಟಿಂಗ್ ಅಂತಾರೆ. ನಿಮ್ಮ ಅಮ್ಮ ಒಂದು ಸಲ ಅದನ್ನ ನೋಡಿದ್ರೆ ಆಮೇಲೆ ಬ್ಯಾಂಡ್ ಯಾಕೆ ಕರೆಸ್ಬೇಕು ಅಂತ ಕಮಿಟಿಯವರಿಗೆ ಅವರೇ ಹೇಳ್ತಾರೆ.

ಇನ್ನೊಂದು ವರ್ಜೀನಿಯಾದ ಹಿಲ್ಟನ್ಸ್ ಊರಿನ ಹತ್ತಿರ ಇರೋ ಕಾರ್ಟರ್ ಫ್ಯಾಮಿಲಿ ಫೋಲ್ಡ್ ಅನ್ನೋ ಸಂಗೀತದ ಜಾಗ. ಎ.ಪಿ. ಕಾರ್ಟರ್ ಅವರ ಮಗಳು ಜ್ಯಾನೆಟ್ 1974ರಲ್ಲಿ ಅಪ್ಪನ ಹಳೇ ಅಂಗಡಿಯಲ್ಲಿ ಸಂಗೀತ ಶುರು ಮಾಡಿದ್ರು, ಆಮೇಲೆ ತಮ್ಮ ಜೋ ಪಕ್ಕದಲ್ಲೇ ದೊಡ್ಡ ಶೆಡ್ ಥರದ ಹಾಲ್ ಕಟ್ಟಿಕೊಟ್ರು. ಬ್ರಿಸ್ಟಲ್ ರೆಕಾರ್ಡಿಂಗಿಗೆ ಸಾರಾ ಎತ್ಕೊಂಡು ಬಂದಿದ್ರಲ್ಲ ಆ ಕೂಸೇ ಈ ಜೋ. ಶನಿವಾರ ರಾತ್ರಿ ಶೋ, ಕುಡಿತಕ್ಕೆ ಅವಕಾಶ ಇಲ್ಲ, ಎಲೆಕ್ಟ್ರಿಕ್ ವಾದ್ಯಗಳನ್ನೂ ಬಿಡಲ್ಲ. ಎಲೆಕ್ಟ್ರಿಕ್ ವಾದ್ಯದ ನಿಯಮವನ್ನ ಸಡಿಲ ಮಾಡಿದ್ದು ಗಾಯಕ ಜಾನಿ ಕ್ಯಾಶ್‌ಗೆ, ಅವರು ಮೇಬೆಲ್ ಮಗಳು ಜೂನ್‌ನ ಮದುವೆಯಾಗಿದ್ದ ಮನೆ ಅಳಿಯ, ಅವರ ಕೊನೇ ಕಾರ್ಯಕ್ರಮ ಆಗಿದ್ದೂ ಅಲ್ಲೇ, 2003ರ ಜುಲೈ 5ಕ್ಕೆ. ಆ ಊರಿಗೆ ಹೋಗೋದಿದ್ರೆ ದಾರೀಲಿ ಬ್ರಿಸ್ಟಲ್ ಊರಿನ ಕಂಟ್ರಿ ಮ್ಯೂಸಿಕ್ ಮ್ಯೂಸಿಯಂ ನೋಡ್ಕೊಳ್ಳಿ, 2014ರಲ್ಲಿ ತೆರೆದಿದ್ದು, ಮಕ್ಕಳಿಗೆ ಇಷ್ಟ ಆಗತ್ತೆ.

ನ್ಯಾಶ್‌ವಿಲ್ ಬಗ್ಗೆ ಕೇಳ್ತೀರ ಅಂತ ಗೊತ್ತು, ಕಂಟ್ರಿ ಮ್ಯೂಸಿಕ್ಕಿಗೆ ಹೆಸರಾದ ಊರು ಅದು. ಗ್ರ್ಯಾಂಡ್ ಓಲ್ ಆಪ್ರಿ 1925ರ ನವೆಂಬರಿಂದ ನಡ್ಕೊಂಡು ಬಂದಿರೋ ರೇಡಿಯೋ ಶೋ, ಮನೆಮಂದಿ ಎಲ್ಲಾ ಆರಾಮಾಗಿ ಕೂತು ನೋಡ್ಬಹುದು, ಒಂದೇ ಸಂಜೇಲಿ ಹಳಬರು ಹೊಸಬರು ಎಲ್ಲಾ ಬರ್ತಾರೆ. ಬ್ರಾಡ್‌ವೇ ಬೀದಿಯ ಬಾರ್‌ಗಳಿಗೆ ಮಾತ್ರ ಸಂಜೆ ಆದ್ಮೇಲೆ ಮಕ್ಕಳನ್ನ ಕರ್ಕೊಂಡು ಹೋಗೋ ಯೋಚನೆ ಬೇಡ, ಬಹಳ ಕಡೆ ಒಳಗೇ ಬಿಡಲ್ಲ. ಬ್ಯಾಂಡ್ ಬುಕ್ ಮಾಡೋ ದೃಷ್ಟಿಯಿಂದ ನೋಡಿದ್ರೆ ನ್ಯಾಶ್‌ವಿಲ್‌ಗಿಂತ ಬೆಟ್ಟದ ಕಡೆ ಊರುಗಳೇ ಮೇಲು, ಅಲ್ಲಿಯವರಿಗೆ ಇದು ಕೆಲಸಕ್ಕಿಂತ ಮನೆತನದ ವಿದ್ಯೆ.

ದಿನ ಆರಿಸೋದು, ಮಾತಾಡೋದು

ಗಣೇಶನ ಹಬ್ಬ, ದೀಪಾವಳಿ ಸ್ಟೇಜ್ ಪ್ರೋಗ್ರಾಂ ಮಧ್ಯ ಈ ಬ್ಯಾಂಡ್ ತುರುಕಬೇಡಿ. ಮಕ್ಕಳ ಡ್ಯಾನ್ಸು, ನಾಟಕ, ಸನ್ಮಾನ ಎಲ್ಲಾ ಎಳೆದು ಎಳೆದು ಗಂಟೆಗಟ್ಟಲೆ ಲೇಟ್ ಆಗತ್ತೆ, ಬ್ಯಾಂಡಿನವರು ಹೇಳಿದ ಟೈಮಿಗೆ ಬಂದು ವಾದ್ಯ ಟ್ಯೂನ್ ಮಾಡ್ಕೊಂಡು ಕಾಯ್ತಾ ಕೂತ್ರೆ ಅವರಿಗೂ ಬೇಜಾರು ನಮಗೂ ಮುಜುಗರ. ಪಿಕ್ನಿಕ್ಕೇ ಸರಿಯಾದ ಜಾಗ.

ತಾರೀಖು ಗಟ್ಟಿ ಮಾಡೋ ಮೊದಲು ಫಿಡ್ಲರ್ಸ್ ಕನ್ವೆನ್ಷನ್, ಅಂದ್ರೆ ಈ ಕಲಾವಿದರೆಲ್ಲಾ ಸೇರೋ ಜಾತ್ರೆ, ಯಾವಾಗಿದೆ ನೋಡಿ. ಮೌಂಟ್ ಏರಿದು ಜೂನ್ ಶುರುವಲ್ಲಿ, ವರ್ಜೀನಿಯಾದ ಗ್ಯಾಲಕ್ಸ್‌ದು ಆಗಸ್ಟಲ್ಲಿ, ಗ್ಯಾಲಕ್ಸ್ ಕನ್ವೆನ್ಷನ್ 1935ರಿಂದ ನಡೀತಿದೆ. ಆ ವಾರ ಒಳ್ಳೆ ಓಲ್ಡ್ ಟೈಮ್ ಕಲಾವಿದರೆಲ್ಲಾ ಅಲ್ಲೇ ಟೆಂಟ್ ಹಾಕ್ಕೊಂಡಿರ್ತಾರೆ, ನೀವು ಎಷ್ಟು ಕೊಡ್ತೀನಿ ಅಂದ್ರೂ ಬರಲ್ಲ. ಭಾನುವಾರ ಬೆಳಗ್ಗೆನೂ ಕಷ್ಟ, ತುಂಬಾ ಜನ ಚರ್ಚಲ್ಲಿ ನುಡಿಸ್ತಾರೆ. ಭಾನುವಾರ ಮಧ್ಯಾಹ್ನ ಊಟ ಆದ್ಮೇಲಿನ ಹೊತ್ತು ಇಬ್ಬರಿಗೂ ಅನುಕೂಲ.

ಬ್ಯಾಂಡ್ ಲೀಡರ್‌ಗೆ ಮೊದಲ ಮೆಸೇಜಲ್ಲೇ ಎಲ್ಲಾ ಹೇಳ್ಬಿಡಿ, ನಾವು ಕರ್ನಾಟಕ ಅನ್ನೋ ಕಡೆಯಿಂದ ಬಂದವರು, ಇಷ್ಟು ಜನ ಸೇರ್ತೀವಿ, ಅದರಲ್ಲಿ ಇಷ್ಟು ಮಕ್ಕಳು, ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಇರ್ತಾರೆ, ಹೊರಗಡೆ ಶೆಲ್ಟರ್ ಕೆಳಗೆ, ಕುಡಿತ ಇರಲ್ಲ, ಊಟ ಸಸ್ಯಾಹಾರಿ, ಅಂತ. ಹಿರಿಯರಿಗಾಗಿ ಕರೆಸ್ತಿದ್ದೀವಿ ಅನ್ನೋ ಒಂದು ಸಾಲು ಬರೀರಿ, ಅದು ತುಂಬಾ ಕೆಲಸ ಮಾಡತ್ತೆ, ಅವರೂ ತಮ್ಮ ಅಜ್ಜ ಅಜ್ಜಿ ಹತ್ರಾನೇ ಕಲಿತವರು.

ಸಾಮಾನ್ಯವಾಗಿ 45 ನಿಮಿಷ ನುಡಿಸಿ ಹದಿನೈದು ನಿಮಿಷ ಬ್ರೇಕ್, ಹೀಗೆ ಎರಡು ಸೆಟ್. ನಮ್ಮ ಜನಕ್ಕೆ ಎರಡು ಸೆಟ್ ಸಾಕು, ಮೂರನೇದಕ್ಕೆ ಮಕ್ಕಳು ಆಟಕ್ಕೆ ಓಡಿ ಹೋಗಿರ್ತಾರೆ. ಕಾಗದದ ಮೇಲೆ ಬರಬೇಕಾದ್ದು ಅಂದ್ರೆ ಬರೋ ಟೈಮು, ಶುರು ಮಾಡೋ ಟೈಮು, ಎಷ್ಟು ಸೆಟ್, ಸೌಂಡ್ ಸಿಸ್ಟಮ್ ಯಾರದ್ದು, ದೂರದಿಂದ ಬರೋ ಖರ್ಚು ಸೇರಿದ್ಯಾ, ಟೈಮ್ ಮೀರಿದ್ರೆ ಎಷ್ಟು, ಮಳೆ ಬಂದ್ರೆ ಅಡ್ವಾನ್ಸ್ ಕಥೆ ಏನು. ಪೂರ್ತಿ ದುಡ್ಡಲ್ಲಿ ಒಂದು ಭಾಗ, ಕೆಲವರು ಅರ್ಧದಷ್ಟು, ಮೊದಲೇ ಕೇಳ್ತಾರೆ, ಕೊಡಿ, ಚೌಕಾಸಿ ಮಾಡ್ಬೇಡಿ. ಬಜೆಟ್ ಕಮ್ಮಿ ಇದ್ರೆ ಇಷ್ಟೇ ಇರೋದು ಅಂತ ನೇರವಾಗಿ ಹೇಳಿ, ಇಬ್ಬರೋ ಮೂವರೋ ಬರೋ ಸಣ್ಣ ತಂಡ ಕೇಳಿ, ಫಿಡಲ್ ಮತ್ತೆ ಗಿಟಾರ್ ಇದ್ರೂ ಸಾಕಷ್ಟು ತುಂಬ್ಕೊಳ್ಳತ್ತೆ.

ಕೂಟದ ಟ್ರೆಷರರ್ ಇದ್ದಾರಲ್ಲ, ಅವರಿಗೆ ಹೇಳಿ ಬ್ಯಾಂಡಿಂದ ಡಬ್ಲ್ಯು-9 ಅನ್ನೋ ಟ್ಯಾಕ್ಸ್ ಫಾರ್ಮ್ ತರಿಸ್ಕೊಳ್ಳಿ. ಪಾರ್ಕಿನವರನ್ನ ಮೂರು ವಿಷಯ ಕೇಳ್ಬೇಕು, ಮೈಕ್ ಸ್ಪೀಕರ್ ಹಾಕೋಕೆ ಬೇರೆ ಪರ್ಮಿಟ್ ಬೇಕಾ, ಇನ್ಶೂರೆನ್ಸ್ ಸರ್ಟಿಫಿಕೇಟ್ ಕೇಳ್ತಾರಾ, ಆಮೇಲೆ ಅಸ್ಕ್ಯಾಪ್, ಬಿಎಂಐ ಥರದ ಹಾಡಿನ ಹಕ್ಕಿನ ಸಂಸ್ಥೆಗಳ ಲೈಸೆನ್ಸ್ ಜಾಗದವರ ಹತ್ರ ಇದ್ಯಾ. ಮನೆ ಮಟ್ಟಿಗೆ, ನೆಂಟರು ಸ್ನೇಹಿತರು ಮಾತ್ರ ಸೇರೋ ಫಂಕ್ಷನ್‌ಗೆ ಆ ಲೈಸೆನ್ಸ್ ತಲೆನೋವಿಲ್ಲ, ಟಿಕೆಟ್ ಇಟ್ಟು ಎಲ್ಲರಿಗೂ ತೆರೆದಿರೋ ಪ್ರೋಗ್ರಾಂ ಆದ್ರೆ ವಿಚಾರಿಸಲೇಬೇಕು.

ಹಾಡಿನ ಪಟ್ಟಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹಳೇದು ಅಂದ ಮಾತ್ರಕ್ಕೆ ಎಲ್ಲಾ ಹಾಡೂ ಮಕ್ಕಳ ಮುಂದೆ ಹಾಡೋ ಅಂಥದ್ದು ಅಂತ ಅಲ್ಲ. ಅಪಲಾಚಿಯನ್ ಬೆಟ್ಟಗಳ ಹಳೇ ಹಾಡುಗಳಲ್ಲಿ ಕೊಲೆ ಕಥೆಯ ಲಾವಣಿಗಳು ಬೇಕಾದಷ್ಟಿವೆ, ಅದರಲ್ಲಿ ಎಷ್ಟೋ ಬ್ರಿಟನ್ನಿಂದ ವಲಸೆ ಬಂದವರ ಜೊತೆ ಬಂದಿರೋವು, ಟ್ಯೂನ್ ಜೋಗುಳದಷ್ಟು ಇಂಪಾಗಿರತ್ತೆ, ಒಳಗೆ ನೋಡಿದ್ರೆ ಪ್ರಿಯತಮ ಹುಡುಗೀನ ಹೊಳೆ ದಂಡೆಗೆ ಕರ್ಕೊಂಡು ಹೋಗಿ ಸಾಯಿಸಿರ್ತಾನೆ. ಅರ್ಥ ಗೊತ್ತಾಗದೆ ನಾವು ತಲೆ ಆಡಿಸ್ತಿರ್ತೀವಿ. ಹಾಗಾಗಿ ಎರಡು ಮೂರು ವಾರ ಮೊದಲೇ ಪಟ್ಟಿ ತರಿಸ್ಕೊಂಡು ಸಾಹಿತ್ಯ ಓದಿ, ಕೊಲೆ ಮತ್ತೆ ಕುಡಿತದ್ದು ಬೇಡ ಅಂತ ಹೇಳಿ. ಯಾರೂ ತಪ್ಪು ತಿಳ್ಕೊಳ್ಳಲ್ಲ, ಸ್ಕೂಲು, ಚರ್ಚಿಗೆ ಹೋದಾಗ ಅವರೂ ಅದನ್ನೇ ಮಾಡೋದು.

ಉಳಿಯೋದು ಏನು ಗೊತ್ತಾ, ಅಮ್ಮನ ನೆನಪು, ಬಿಟ್ಟು ಬಂದ ಮನೆ, ರೈಲು, ಬೆಟ್ಟದ ಗುಡಿಸಲು, ಕಲ್ಲಿದ್ದಲು ಗಣಿಗೆ ಹೋದ ಅಪ್ಪ, ಕೋಳಿ, ಹೇಸರಗತ್ತೆ, ನರಿ ಬೇಟೆ. ಊರು ಬಿಟ್ಟು ಬಂದವರಿಗೆ, ಮಕ್ಕಳನ್ನ ದೂರ ಕಳಿಸಿದವರಿಗೆ ಇದಕ್ಕಿಂತ ಹತ್ತಿರದ ವಸ್ತು ಇನ್ನೇನು ಬೇಕು.

ಗಾಸ್ಪೆಲ್ ಹಾಡು ಬೇಕಾ ಬೇಡವಾ ಅಂತ ಕಮಿಟಿಯಲ್ಲಿ ಚರ್ಚೆ ಬಂದೇ ಬರತ್ತೆ. ನನ್ನ ಅಭಿಪ್ರಾಯ, ಒಂದೋ ಎರಡೋ ಇರ್ಲಿ. ದನಿ ಸೇರಿಸಿ ಹಾಡೋ ಅವರ ಅತ್ಯುತ್ತಮ ಹಾಡುಗಾರಿಕೆ ಇರೋದೇ ಅದರಲ್ಲಿ, ಅದನ್ನ ತೆಗೆದುಬಿಟ್ರೆ ಬ್ಯಾಂಡಿನ ಅರ್ಧ ಜೀವ ಹೋಗತ್ತೆ. ಅದು ಅವರ ಭಜನೆ ಅಂತ ಹೇಳಿದ್ರೆ ನಮ್ಮ ಹಿರಿಯರು ಕೈ ಮುಗಿದು ಕೇಳ್ತಾರೆ.

ಇದರ ಜೊತೆ ಮಾಡ್ಲೇಬೇಕಾದ ಇನ್ನೊಂದು ಕೆಲಸ ಕನ್ನಡದಲ್ಲಿ ನಿರೂಪಣೆ. ಪಟ್ಟಿ ಕೈಗೆ ಸಿಕ್ಕಿದ ಮೇಲೆ ಒಂದೊಂದು ಹಾಡಿಗೆ ಎರಡೇ ಸಾಲು ಕನ್ನಡದಲ್ಲಿ ಬರ್ಕೊಳ್ಳಿ, ಈ ಹಾಡಲ್ಲಿ ಮಗ ರೈಲಲ್ಲಿ ಕೂತು ತಾಯಿಯ ಕೊನೇ ಮುಖ ನೋಡೋಕೆ ಹೋಗ್ತಿದ್ದಾನೆ, ಅಷ್ಟೇ ಸಾಕು. ಪ್ರತಿ ಹಾಡಿಗೂ ಮೊದಲು ಹೇಳಿ, ಉದ್ದುದ್ದ ಭಾಷಣ ಬೇಡ. ನಿರೂಪಣೆಗೆ ಚೆನ್ನಾಗಿ ಕನ್ನಡ ಬರೋ ಹರೆಯದ ಹುಡುಗಿನೋ ಹುಡುಗನೋ ಇದ್ರೆ ಅವರಿಗೇ ಕೊಡಿ. ಬ್ಯಾಂಡಿಗೂ ಮೊದಲೇ ತಿಳಿಸಿ, ಹಾಡುಗಳ ಮಧ್ಯ ಅರ್ಧ ನಿಮಿಷ ಬೇಕು ಅಂತ, ಅವರು ಅಷ್ಟರಲ್ಲಿ ಟ್ಯೂನ್ ಮಾಡ್ಕೋತಾರೆ. ಇಡೀ ಪ್ರೋಗ್ರಾಮಲ್ಲಿ ಖರ್ಚೇ ಇಲ್ಲದ ಕೆಲಸ ಇದು, ಹಿರಿಯರ ಕುರ್ಚಿ ಮುಂದಕ್ಕೆ ಬರೋದು ಇದರಿಂದಾನೇ.

ನಿರೂಪಣೆಯಲ್ಲಿ ಒಂದೆರಡು ಹಿನ್ನೆಲೆ ಮಾತೂ ಸೇರಿಸ್ಬಹುದು. ಬ್ಯಾಂಜೋ ಬೆಳ್ಳಗಿನ ಜನರ ವಾದ್ಯ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಅದರ ಮೂಲ ಆಫ್ರಿಕಾದಿಂದ ಗುಲಾಮರಾಗಿ ಬಂದ ಜನರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡ್ಕೊಂಡ ವಾದ್ಯ. ಎ.ಪಿ. ಕಾರ್ಟರ್ ಬೆಟ್ಟ ಬೆಟ್ಟ ಅಲೆದು ಹಾಡು ಸಂಗ್ರಹ ಮಾಡ್ತಿದ್ದಾಗ ಜೊತೆಗಿದ್ದದ್ದು ಲೆಸ್ಲಿ ರಿಡಲ್ ಅನ್ನೋ ಕಪ್ಪು ಗಿಟಾರ್ ವಾದಕ, ಎ.ಪಿ. ಸಾಹಿತ್ಯ ಬರ್ಕೊಂಡ್ರೆ ರಿಡಲ್ ಟ್ಯೂನ್ ನೆನಪಿಟ್ಕೊಂಡು ಬರ್ತಿದ್ರು. ನಮ್ಮಲ್ಲಿ ಜಾನಪದ ಸಂಗ್ರಹಕ್ಕೆ ಹಳ್ಳಿ ಹಳ್ಳಿ ಅಲೆದವರ ಬಗ್ಗೆ ಗೊತ್ತಿರೋ ಹಿರಿಯರಿಗೆ ಇದು ತಕ್ಷಣ ಹಿಡಿಸತ್ತೆ.

ನೆರಳು, ಕರೆಂಟು, ಸದ್ದು

ಬ್ಯಾಂಡ್ ಕೂರೋ ಜಾಗಕ್ಕೆ ನೆರಳು ಬೇಕೇ ಬೇಕು. ಮರದ ವಾದ್ಯಗಳು, ಬಿಸಿಲಿಗೆ ಶ್ರುತಿ ಇಳಿಯತ್ತೆ, ಅಂಟು ಬಿಡತ್ತೆ, ಕೆಲವು ವಾದ್ಯಗಳಿಗೆ ವಯಸ್ಸೂ ಆಗಿರತ್ತೆ. ಶೆಲ್ಟರ್ ಕೆಳಗೆ ಊಟದ ಟೇಬಲ್ ಹಾಕಿ ಬ್ಯಾಂಡನ್ನ ಹೊರಗೆ ಹುಲ್ಲಿನ ಮೇಲೆ ನಿಲ್ಲಿಸೋದು ತುಂಬಾ ಕಡೆ ನೋಡಿದ್ದೀನಿ, ಉಲ್ಟಾ ಮಾಡಿ, ಇಲ್ಲಾ ಬೇರೆ ಕ್ಯಾನೋಪಿ ಹಾಕ್ಸಿ. ನಾಲ್ಕೈದು ಜನಕ್ಕೆ ಹನ್ನೆರಡಕ್ಕೆ ಹದಿನೈದು ಅಡಿ ಜಾಗ ಬಿಡಿ. ನಿಂತು ನುಡಿಸೋ ಬೇಸ್ ಆಳೆತ್ತರ ಇರತ್ತೆ, ಅದನ್ನ ಹೊತ್ಕೊಂಡು ಅರ್ಧ ಮೈಲಿ ನಡೆಸ್ಬೇಡಿ, ಗಾಡಿ ಹತ್ತಿರಕ್ಕೆ ಬರೋ ಹಾಗೆ ದಾರಿ ಬಿಟ್ಟಿರಿ.

ಕರೆಂಟ್ ವಿಷಯ. ಪಾರ್ಕ್ ಶೆಲ್ಟರಲ್ಲಿ ಸಾಮಾನ್ಯವಾಗಿ 15 ಅಥವಾ 20 ಆಂಪ್ಸ್ ಲೈನ್ ಇರತ್ತೆ. ನಮ್ಮ ದೋಸೆಗೆ ಇಡೋ 1500 ವಾಟ್ ಎಲೆಕ್ಟ್ರಿಕ್ ಗ್ರಿಡಲ್ ಒಂದೇ ಹನ್ನೆರಡೂವರೆ ಆಂಪ್ಸ್ ಎಳೆಯತ್ತೆ, ಅದರ ಜೊತೆ ಕಾಫಿ ಅರ್ನ್ ಹಾಕಿದ್ರೆ ಮುಗೀತು, ಬ್ರೇಕರ್ ಬಿದ್ದು ಹಾಡಿನ ಮಧ್ಯ ಮೈಕ್ ಆಫ್. ಬ್ಯಾಂಡಿಗೆ ಒಂದು ಲೈನ್ ಪೂರ್ತಿ ಬಿಟ್ಟುಕೊಡಿ, ಯಾವ ಪ್ಲಗ್ ಯಾವ ಬ್ರೇಕರ್‌ದು ಅಂತ ಹಿಂದಿನ ದಿನಾನೇ ಹೋಗಿ ನೋಡ್ಕೊಳ್ಳಿ, ಅಡುಗೆ ಟೀಮಿಗೂ ಹೇಳಿ ಆ ಪ್ಲಗ್ ಮೇಲೆ ಟೇಪ್ ಹಚ್ಚಿ.

ಸದ್ದು ಎಷ್ಟಿರ್ಬೇಕು ಅಂದ್ರೆ ಪಕ್ಕದವರ ಜೊತೆ ಕೂಗದೆ ಮಾತಾಡೋ ಹಾಗಿರ್ಬೇಕು. ನೂರು ಜನದ ಒಳಗಿದ್ರೆ ಈ ವಾದ್ಯಗಳಿಗೆ ಸಣ್ಣ ಸ್ಪೀಕರ್ ಎರಡು ಸಾಕು. ಹಳೇ ಪದ್ಧತಿಯ ಬ್ಯಾಂಡ್ ಕೆಲವು ಸಲ ಒಂದೇ ಮೈಕ್ ಸುತ್ತ ನಿಲ್ತಾರೆ, ಹಾಡೋರು ಮುಂದೆ ಬರ್ತಾರೆ, ಫಿಡಲ್ ಸರದಿ ಬಂದಾಗ ಅವರು ಹಿಂದೆ ಸರಿದು ಫಿಡಲ್‌ಗೆ ಜಾಗ ಬಿಡ್ತಾರೆ, ನೋಡೋಕೇ ಒಂದು ಕುಣಿತ ಅದು. ಆ ಮೈಕ್ ಎಲ್ಲಾ ಸದ್ದನ್ನೂ ಎಳ್ಕೊಳ್ಳತ್ತೆ, ಆದ್ದರಿಂದ ಆಟದ ಜಾಗ, ಅಡುಗೆ ಕಡೆಯ ಪಾತ್ರೆ ಸದ್ದು ದೂರ ಇರ್ಲಿ, ಸ್ಪೀಕರ್ ಮೈಕಿಗಿಂತ ಮುಂದಿರ್ಲಿ, ಇಲ್ಲಾಂದ್ರೆ ಕುಯ್ ಅನ್ನತ್ತೆ.

ಕುರ್ಚಿಗಳನ್ನ ಅರ್ಧ ಚಂದ್ರಾಕಾರದಲ್ಲಿ ಹಾಕಿ, ಮೊದಲ ಸಾಲು ಬ್ಯಾಂಡಿಂದ ಹತ್ತು ಅಡಿ ಒಳಗೇ ಇರ್ಲಿ, ಆ ಸಾಲು ಹಿರಿಯರಿಗೆ, ಸ್ಪೀಕರ್ ನೇರ ಎದುರಿಗೆ ಮಾತ್ರ ಬೇಡ. ಅವರ ಮುಂದೆ ಚಾಪೆನೋ ಜಮಖಾನನೋ ಹಾಸಿ ಮಕ್ಕಳನ್ನ ಕೂರಿಸಿ. ವಿವಿಐಪಿ ಸೋಫಾ, ಸ್ಪಾನ್ಸರ್ ಟೇಬಲ್ ಎಲ್ಲಾ ಹಿಂದೆ.

ಮಕ್ಕಳಿಗೆ, ಸಂಗೀತ ಕಲಿಯೋರಿಗೆ

ಬ್ರೇಕ್ ಹೊತ್ತಲ್ಲಿ ವಾದ್ಯ ತೋರಿಸಿ ಅಂತ ಮೊದಲೇ ಕೇಳಿಟ್ಕೊಳ್ಳಿ, ಹೆಚ್ಚಿನವರು ಒಪ್ತಾರೆ. ಮಕ್ಕಳ ಕೈ ತೊಳೆಸಿ ಕಳಿಸಿ, ಚಟ್ನಿ ಕೈಯಲ್ಲಿ ತಂತಿ ಮುಟ್ಟಿದ್ರೆ ಯಾರಿಗಾದ್ರೂ ಬೇಸರ ಆಗತ್ತೆ. ಒಬ್ಬೊಬ್ಬರೇ ಸಾಲಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲಿ.

ಕರ್ನಾಟಕ ಸಂಗೀತದ ವಯಲಿನ್ ಕಲಿಯೋ ಮಕ್ಕಳು ನಿಮ್ಮ ಊರಲ್ಲಿದ್ರೆ ಈ ಭಾಗ ಬಿಡ್ಲೇಬೇಡಿ. ಫಿಡಲ್ಲೂ ವಯಲಿನ್ನೂ ಒಂದೇ ವಾದ್ಯ. ಮೈಸೂರು ಚೌಡಯ್ಯನವರ ನಾಡಿಂದ ಬಂದವರಿಗೆ ಆ ವಾದ್ಯ ಎಷ್ಟು ನಮ್ಮದಾಗಿದೆ ಅಂತ ಹೇಳ್ಬೇಕಾಗಿಲ್ಲ. ನಮ್ಮವರು ನೆಲದ ಮೇಲೆ ಕೂತು ಕಾಲಿಗೆ ಒರಗಿಸಿ ನುಡಿಸ್ತಾರೆ, ಅವರು ನಿಂತ್ಕೊಂಡೋ ಕುರ್ಚಿ ಮೇಲೋ, ಎಷ್ಟೋ ಹಳೇ ಫಿಡ್ಲರ್‌ಗಳು ಗಲ್ಲಕ್ಕೆ ಬದಲು ಎದೆಗೆ ಒತ್ತಿ ಹಿಡೀತಿದ್ರು. ಇನ್ನೂ ಸೊಗಸಾದ ವಿಷಯ ಏನಂದ್ರೆ ಮೌಂಟ್ ಏರಿ ಸುತ್ತಿನ ಓಲ್ಡ್ ಟೈಮ್ ಫಿಡ್ಲರ್‌ಗಳು ಎಷ್ಟೋ ಟ್ಯೂನಿಗೆ ತಂತಿಗಳನ್ನ ಎ, ಇ, ಎ, ಇ ಅಂತ ಸೇರಿಸ್ಕೋತಾರೆ, ಅಂದ್ರೆ ನಮ್ಮ ಸ ಪ ಸ ಪ. ಶ್ರುತಿ ಜಾಗ ಬೇರೆ, ಕ್ರಮ ಅದೇ.

ಒಟ್ಟಿಗೆ ನುಡಿಸ್ಬೇಕು ಅಂದ್ರೆ ಮೋಹನ ರಾಗ ಆರಿಸ್ಕೊಳ್ಳಿ. ಸ ರಿ ಗ ಪ ದ ಐದೇ ಸ್ವರ, ಅಪಲಾಚಿಯನ್ ಬೆಟ್ಟದ ಎಷ್ಟೋ ಹಳೇ ಟ್ಯೂನ್‌ಗಳು ಇದೇ ಐದು ಸ್ವರದ ಮೇಲೆ ನಿಂತಿರೋವು, ನಮ್ಮ ಮಕ್ಕಳಿಗೂ ಆ ರಾಗದ ಗೀತೆ ಶುರುವಲ್ಲೇ ಆಗಿರತ್ತೆ. ಬ್ಯಾಂಡಿಗೆ ಜಿ ಕೀ ಅಂತ ಹೇಳಿ, ಮಗುವಿಗೆ ಐದು ಮನೆ ಶ್ರುತಿ ಅಂತ ಹೇಳಿ, ಇಬ್ಬರಿಗೂ ಒಂದೇ. ಮಗು ತಂತಿಗಳನ್ನ ಜಿ, ಡಿ, ಜಿ, ಡಿ ಗೆ ಸೇರಿಸ್ಕೊಳ್ಳಿ. ಗಿಟಾರ್ ಜಿ, ಸಿ, ಡಿ ಅನ್ನೋ ಮೂರು ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಹಿಡಿದ್ರೆ ಸಾಕು. ಮಗು ಗೀತೆ ಎರಡು ಸಲ ನುಡಿಸ್ಲಿ, ಹಿಂದೇನೇ ಫಿಡ್ಲರ್ ತಮ್ಮ ಟ್ಯೂನ್ ಒಂದನ್ನ ಎತ್ಕೊಳ್ಲಿ, ಕೊನೆಗೆ ಇಬ್ಬರೂ ಸೇರ್ಲಿ. ಲೆಕ್ಕ ಕೂಡತ್ತೆ, ಫಿಡಲ್ ಟ್ಯೂನಿನ ಒಂದೊಂದು ಭಾಗ ಹದಿನಾರು ಎಣಿಕೆ, ನಮ್ಮ ಆದಿತಾಳದ ಎರಡು ಆವರ್ತ. ಹಿರಿಯರಿಗೆ ತಾಳ ಹಾಕೋಕೆ ಯಾರೂ ಹೇಳ್ಕೊಡಬೇಕಾಗಿಲ್ಲ. ಇದನ್ನ ಆ ದಿನ ಎದುರಿಗೇ ಮೊದಲ ಸಲ ಮಾಡ್ಬೇಡಿ, ಮಗು ನುಡಿಸಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ ವಾರ ಮೊದಲೇ ಫಿಡ್ಲರ್‌ಗೆ ಕಳಿಸಿ, ಅವರು ಕಿವಿಯಲ್ಲೇ ಕಲಿಯೋ ಜನ, ಬೇಗ ಹಿಡೀತಾರೆ. ಗಮಕ ಬಗ್ಗೆ ಗುರುಗಳನ್ನ ಕೇಳಿ, ಸ್ವಲ್ಪ ಸರಳವಾಗಿ ನುಡಿಸಿದ್ರೆ ಇಬ್ಬರೂ ಸೇರೋದು ಸುಲಭ ಆಗತ್ತೆ.

ಕುಣಿತ

ಎರಡನೇ ಸೆಟ್ ಕುಣಿತಕ್ಕೆ ಇಟ್ಕೊಳ್ಳಿ. ಅದಕ್ಕೆ ಕಾಲರ್ ಅಂತ ಒಬ್ಬರು ಬೇಕು, ಹೆಜ್ಜೆಗಳನ್ನ ಕೂಗಿ ಹೇಳೋರು, ಬ್ಯಾಂಡಿನವರನ್ನೇ ಕೇಳಿದ್ರೆ ಯಾರನ್ನಾದ್ರೂ ಕರ್ಕೊಂಡು ಬರ್ತಾರೆ, ಅವರಿಗೆ ಬೇರೆ ಸಂಭಾವನೆ. ಸ್ಕ್ವೇರ್ ಡ್ಯಾನ್ಸಿಗೆ ನಾಲ್ಕು ಜೋಡಿ ಎಂಟು ಜನ ಲೆಕ್ಕವಾಗಿ ಬೇಕು, ಹೊಸಬರಿಗೆ ಕಷ್ಟ. ಎಲ್ಲರೂ ಕೈ ಹಿಡ್ಕೊಂಡು ಒಂದೇ ದೊಡ್ಡ ವೃತ್ತದಲ್ಲಿ ಮಾಡೋದು, ಇಲ್ಲಾ ಎದುರುಬದುರು ಎರಡು ಸಾಲಲ್ಲಿ ಮಾಡೋದನ್ನ ಕೇಳಿ, ಕೋಲಾಟ ಆಡಿ ಗೊತ್ತಿರೋ ನಮ್ಮ ಹೆಂಗಸರಿಗೆ ಅದು ಕ್ಷಣದಲ್ಲಿ ಬಂದುಬಿಡತ್ತೆ. ಗಂಡಸು ಹೆಂಗಸು ಜೋಡಿ ಆಗ್ಲೇಬೇಕು ಅಂತಿಲ್ಲ, ಅಜ್ಜಿ ಮೊಮ್ಮಗಳು ಜೋಡಿ ಆಗ್ಬಹುದು, ಅತ್ತಿಗೆ ನಾದಿನಿ ಆಗ್ಬಹುದು, ಕಾಲರ್‌ಗೆ ಹೇಳಿಟ್ರೆ ಅವರು ಅದಕ್ಕೆ ತಕ್ಕ ಹಾಗೆ ಕೂಗ್ತಾರೆ. ನೆಲ ಸಮತಟ್ಟಾಗಿರ್ಲಿ, ಸೀರೆ ಉಟ್ಟವರು ಚಪ್ಪಲಿ ಬದಲು ಶೂ ಹಾಕ್ಕೊಂಡ್ರೆ ಒಳ್ಳೇದು.

ಊಟ, ದುಡ್ಡು

ಬ್ಯಾಂಡಿಗೆ ಊಟ ಪ್ರೋಗ್ರಾಂ ಮೊದಲೇ ಕೊಡಿ, ಎಲ್ಲರ ಸರದಿ ಮುಗಿಯಲಿ ಅಂತ ಕಾಯಿಸ್ಬೇಡಿ. ಚಿತ್ರಾನ್ನ, ಮೊಸರನ್ನ, ಹೋಳಿಗೆ ಥರದ್ದು ಖಾರ ಕಮ್ಮಿ ಇರೋದು ಒಂದು ಕಡೆ ತೆಗೆದಿಡಿ, ಬಿಸಿಬೇಳೆಬಾತ್ ಬೇಕಾದವರು ಹಾಕ್ಕೋತಾರೆ, ಕಡ್ಲೆಬೀಜ, ಗೋಡಂಬಿ ಎಲ್ಲೆಲ್ಲಿ ಹಾಕಿದ್ದೀವಿ ಅಂತ ಚೀಟಿ ಅಂಟಿಸಿ, ಅಲರ್ಜಿ ಇರೋರಿರ್ತಾರೆ. ನೀರು ಬ್ಯಾಂಡ್ ಪಕ್ಕದಲ್ಲೇ ಇರ್ಲಿ. ಅವರ ಸಿಡಿ ಮಾರಾಟಕ್ಕೆ ಒಂದು ಸಣ್ಣ ಟೇಬಲ್ ಕೊಡಿ, ಟಿಪ್ ಡಬ್ಬ ಇಟ್ಕೊಂಡ್ರೆ ಇಟ್ಕೊಳ್ಲಿ.

ಬಾಕಿ ದುಡ್ಡಿನ ಚೆಕ್ ಮೊದಲೇ ಬರೆದು ಕವರಲ್ಲಿ ಹಾಕಿಟ್ಟು ಕೊನೇ ಹಾಡು ಮುಗಿದ ತಕ್ಷಣ ಲೀಡರ್ ಕೈಗೆ ಕೊಡಿ, ನಾಳೆ ಕಳಿಸ್ತೀವಿ ಅನ್ನೋದು ಬೇಡ, ಅವರು ಅವತ್ತು ರಾತ್ರಿ ಬೆಟ್ಟದ ದಾರೀಲಿ ಎರಡು ಮೂರು ಗಂಟೆ ಗಾಡಿ ಓಡಿಸ್ಕೊಂಡು ಹೋಗೋರು. ಸಾಮಾನು ಗಾಡಿಗೆ ಏರಿಸೋಕೆ ನಾಲ್ಕು ಹುಡುಗರನ್ನ ನಿಲ್ಲಿಸಿ, ವಾದ್ಯದ ಪೆಟ್ಟಿಗೆ ಮಾತ್ರ ಅವರೇ ಎತ್ಕೊಳ್ಲಿ, ಸ್ಪೀಕರ್, ವೈರ್ ನಮ್ಮವರು ಹೊರ್ಲಿ. ಮುಂದಿನ ವರ್ಷಕ್ಕೂ ಬೇಕು ಅನ್ಸಿದ್ರೆ ಗಾಡಿ ಹತ್ತೋ ಮೊದಲೇ ತಾರೀಖು ಕೇಳ್ಬಿಡಿ, ಬೇಸಿಗೆಯ ಶನಿವಾರ ಭಾನುವಾರಗಳು ಅವರಿಗೆ ಬೇಗ ತುಂಬಿ ಹೋಗತ್ತೆ.